ಮಕ್ಕಳು ಇರಬಾರದ ಬೀದಿ

ನಾವು ಆ ಮನೆ ಕೊಂಡಾಗ ನನಗೆ ಐವತ್ತಾರು, ನಮ್ಮ ಯಜಮಾನರಿಗೆ ಅರವತ್ತು ದಾಟಿತ್ತು. ಲಾಕ್‌ಡೌನಿನ ವರ್ಷ ಅವರ ಟೆಲಿಕಾಂ ಕಂಪನಿ ಹಳಬರನ್ನೆಲ್ಲ ಒಂದೇ ವೀಡಿಯೊ ಮೀಟಿಂಗಿನಲ್ಲಿ ಬೀಳ್ಕೊಟ್ಟಿತ್ತು. ನಾನು ಇನ್ಶೂರೆನ್ಸ್ ಕಂಪನಿಯೊಂದಕ್ಕೆ ಮನೆಯಿಂದಲೇ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದೆ. ಒಬ್ಬಳೇ ಮಗಳು. ಮದುವೆಯಾಗಿ ಗಂಡನ ಜೊತೆ ಲಾಸ್ ಏಂಜಲೀಸ್ ಪಕ್ಕದ ಗ್ಲೆಂಡೇಲ್‌ನಲ್ಲಿದ್ದಳು. ಯಜಮಾನರ ಮಂಡಿಗೆ ಮೆಟ್ಟಿಲು ಆಗುತ್ತಿರಲಿಲ್ಲ. ಸ್ಯಾನ್ ಡಿಯೇಗೊ ಬಿಟ್ಟು ಹೋಗಲು ಮನಸ್ಸೂ ಇರಲಿಲ್ಲ. ಹುಡುಕಿ ಹುಡುಕಿ ಕಡೆಗೆ ರಾಂಚೊ ಬರ್ನಾರ್ಡೊದಲ್ಲೇ, ನಾವು ಮಗಳನ್ನು ಬೆಳೆಸಿದ ಮನೆಯಿಂದ ಹೆಚ್ಚು ದೂರವಲ್ಲದ ಕಡೆ, ಒಂದಂತಸ್ತಿನ ಚಿಕ್ಕ ಮನೆ ಸಿಕ್ಕಿತು. ಎರಡೆರಡು ಮನೆಗಳಿಗೆ ನಡುವೆ ಒಂದೇ ಗೋಡೆ. ಮುಂದೆ ಅಂಗೈಯಗಲದ ಹುಲ್ಲು, ಹಿಂದೆ ಒಂದು ನಿಂಬೆ ಗಿಡ.

ಆ ಬಡಾವಣೆಗೆ ಒಂದು ನಿಯಮವಿತ್ತು. ಮನೆಯಲ್ಲಿ ಒಬ್ಬರಿಗಾದರೂ ಐವತ್ತೈದು ತುಂಬಿರಬೇಕು. ಜೊತೆಗಿರುವವರಿಗೂ ನಲವತ್ತೈದಾದರೂ ಆಗಿರಬೇಕು. ಮಕ್ಕಳಾಗಲಿ ಹರೆಯದವರಾಗಲಿ ಅಲ್ಲಿ ವಾಸ ಮಾಡುವಂತಿಲ್ಲ. ನೆಂಟರಾಗಿ ಬರಬಹುದು, ಕೆಲವು ವಾರ ಇದ್ದು ಹೋಗಬಹುದು, ಅಷ್ಟೇ. ಮನೆ ತೋರಿಸಿದ ಏಜೆಂಟ್ ಇದನ್ನು ದೊಡ್ಡ ವರವೆಂಬಂತೆ ಹೇಳಿದ. ಮಗಳಿಗೆ ಫೋನಿನಲ್ಲಿ ತಿಳಿಸಿದಾಗ ಅವಳು ನಕ್ಕಳು.

"ಅಮ್ಮಾ, ಮಕ್ಕಳು ಇರಬಾರದು ಅಂತ ರೂಲ್ ಮಾಡಬಹುದಾ? ಲೀಗಲ್ಲಾ ಅದು?"

ನಮ್ಮವರು ಧಾರವಾಡದವರು. ಅಮೆರಿಕಕ್ಕೆ ಬಂದು ಮೂವತ್ತು ವರ್ಷವಾದರೂ ಮನೆಯೊಳಗಿನ ಮಾತು ಅಲ್ಲಿಯದೇ. ಸೋಫಾದಿಂದಲೇ ಕೂಗಿ ಹೇಳಿದರು: "ಲೀಗಲ್ಲೇ ಅದವಾ. ಮುದುಕರಿಗಂತ ಕಾನೂನದಾಗ ಬ್ಯಾರೆ ಜಾಗಾ ಇಟ್ಟಾರ. ಈಗ ನಾವೂ ಅದರಾಗ ಬಂದ್ವಿ."

ಮೊದಲ ವರ್ಷ ಆ ಬೀದಿಯ ನಿಶ್ಶಬ್ದ ನನಗೆ ಹಿಡಿಸಿತು. ಸುಳ್ಳು ಯಾಕೆ ಹೇಳಲಿ, ತುಂಬಾ ಹಿಡಿಸಿತು. ಬೆಳಿಗ್ಗೆ ಗಾಲ್ಫ್ ಆಡಲು ಹೋಗುವವರ ಪುಟ್ಟ ಗಾಡಿಗಳು, ಸಂಜೆ ನಾಯಿಗಳನ್ನು ತಳ್ಳುಗಾಡಿಯಲ್ಲಿ ಕೂರಿಸಿ ತಿರುಗಾಡಿಸುವವರು, ಸೈರನ್ ಹಾಕದೆ ಬಂದು ಸೈರನ್ ಹಾಕದೆ ಹೋಗುವ ಆಂಬುಲೆನ್ಸು. ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಸಿಹಿ ಕೇಳಲು ಬರುವ ಹ್ಯಾಲೋವೀನ್ ದಿನ ಅಭ್ಯಾಸಬಲದಿಂದ ಒಂದು ಬೋಗುಣಿ ಚಾಕಲೇಟು ಬಾಗಿಲ ಬಳಿ ಇಟ್ಟಿದ್ದೆ. ಯಾರೂ ಬರಲಿಲ್ಲ. ಆಮೇಲೆ ಅದನ್ನು ನಾವಿಬ್ಬರೇ, ಸಕ್ಕರೆ ಕಾಯಿಲೆ ಇಟ್ಟುಕೊಂಡು, ತಿಂಗಳುಗಟ್ಟಲೆ ಕದ್ದು ಕದ್ದು ತಿಂದೆವು.

ಗೋಡೆಯ ಆಚೆ ಇದ್ದಾಕೆ ಎಂಬತ್ತು ದಾಟಿದ ಅಮೆರಿಕದ ಹೆಂಗಸು. ಗಂಡ ತೀರಿಹೋಗಿ ವರ್ಷಗಳಾಗಿದ್ದವು. ಕೆಲಸದಲ್ಲಿದ್ದಷ್ಟು ಕಾಲವೂ ಹೆರಿಗೆ ವಾರ್ಡಿನ ನರ್ಸಾಗಿದ್ದವರು. ನಮಗಿಬ್ಬರಿಗೂ ಕೋವಿಡ್ ಬಂದು ಮಲಗಿದಾಗ ದಿನವೂ ಬಾಗಿಲಲ್ಲಿ ಸೂಪಿನ ಪಾತ್ರೆ ಇಟ್ಟು, ಗಂಟೆ ಒತ್ತಿ, ದೂರ ಸರಿದು ನಿಲ್ಲುತ್ತಿದ್ದರು. ಗುಣವಾದ ಮೇಲೆ ನಾನು ನಮ್ಮ ಗಿಡದ ನಿಂಬೆಕಾಯಿಯ ಉಪ್ಪಿನಕಾಯಿ ಕೊಟ್ಟೆ. ಅದನ್ನು ಬೆಣ್ಣೆ ಹಚ್ಚಿದ ಬ್ರೆಡ್ಡಿನ ಮೇಲೆ ಸವರಿಕೊಂಡು ತಿನ್ನುತ್ತೇನೆ ಎಂದು ಆಕೆ ಹೇಳಿದಾಗ ಯಜಮಾನರು ಕಣ್ಣರಳಿಸಿದರು. ಹೀಗೆ ಬೇಲಿಯ ಬಳಿ ಮಾತು ಬೆಳೆಯಿತು. ಒಮ್ಮೆ ಆಕೆ ಹೇಳಿದರು, "ನಾನು ಕೆಲಸ ಮಾಡುತ್ತಿದ್ದ ವಾರ್ಡನ್ನೇ ಮುಚ್ಚಿದರಂತೆ. ಹೆರಿಗೆಗೆ ಬರುವವರೇ ಕಡಿಮೆಯಾದರಂತೆ. ಈಗ ಅಲ್ಲಿ ಮಂಡಿ ಬದಲಾಯಿಸುತ್ತಾರೆ." ಯಜಮಾನರ ಮಂಡಿಯ ಕಡೆ ನೋಡಿ ಇಬ್ಬರೂ ನಕ್ಕೆವು.

ಆಕೆಗೆ ಮಗನೊಬ್ಬನಿದ್ದಾನೆ, ಲಾಸ್ ಏಂಜಲೀಸಿನಲ್ಲಿ ಕೆಲಸ, ಅವನಿಗೊಬ್ಬಳು ಮಗಳು ಎಂದಷ್ಟೇ ನಮಗೆ ಗೊತ್ತಿತ್ತು.

ನಾವು ಆ ಮನೆಗೆ ಬಂದ ಎರಡನೇ ವರ್ಷ, ಚಳಿಗಾಲಕ್ಕೆ ಮೊದಲು ಒಂದು ಮಧ್ಯಾಹ್ನ, ನಾನು ಆಫೀಸಿನ ಮೀಟಿಂಗಿನಲ್ಲಿದ್ದಾಗ ಗೋಡೆಯ ಆಚೆ ಮಗುವಿನ ದನಿ ಕೇಳಿಸಿತು. ಏನೋ ರಾಗವಾಗಿ ಓದುತ್ತಿತ್ತು. ಟಿವಿ ಇರಬೇಕು ಎಂದುಕೊಂಡೆ. ಮಾರನೆಯ ದಿನವೂ ಅದೇ ಹೊತ್ತಿಗೆ ಕೇಳಿಸಿತು. ಮೂರನೆಯ ದಿನ ದನಿ ಜೋರಾಯಿತು, ತಕ್ಷಣ ಯಾರೋ ಶ್ ಎಂದರು, ದನಿ ಕತ್ತರಿಸಿದಂತೆ ನಿಂತುಹೋಯಿತು. ಟಿವಿಯನ್ನು ಯಾರೂ ಹಾಗೆ ಗದರಿಸುವುದಿಲ್ಲ.

"ಮೊಮ್ಮಗಳು ಬಂದಿರಬೇಕು" ಎಂದೆ ಯಜಮಾನರಿಗೆ.

"ಬಂದ್ರ ಬರ್ಲಿ ಬಿಡು. ನಾಕ ದಿನಾ ಇದ್ದು ಹೋಗತಾಳ."

ಆದರೆ ನಾಲ್ಕು ದಿನಕ್ಕೆ ಹೋಗಲಿಲ್ಲ. ಒಂದು ಬೆಳಿಗ್ಗೆ ನಾನು ಕಸದ ಡಬ್ಬ ಒಳಗೆ ತರಲು ಹೋದಾಗ ಪಕ್ಕದ ಗ್ಯಾರೇಜ್ ಬಾಗಿಲು ಮೇಲೇಳುತ್ತಿತ್ತು. ಕಾರು ಹಿಂದಕ್ಕೆ ಬಂತು. ಹಿಂದಿನ ಸೀಟಿನ ಕೆಳಗೆ, ಕಾಲಿಡುವ ಜಾಗದಲ್ಲಿ, ಒಂದು ಹುಡುಗಿ ಬೆನ್ನಿಗೆ ಶಾಲೆಯ ಬ್ಯಾಗು ಹಾಕಿಕೊಂಡೇ ಮುದುರಿ ಮಲಗಿದ್ದಳು. ಆರೋ ಏಳೋ ವರ್ಷ. ನನ್ನನ್ನು ನೋಡಿದಳು. ಬಾಯಿಯ ಮೇಲೆ ಬೆರಳಿಟ್ಟು, ಹೇಳಬೇಡ ಎನ್ನುವಂತೆ ತಲೆಯಾಡಿಸಿದಳು. ಮುಂದೆ ಸ್ಟಿಯರಿಂಗ್ ಹಿಡಿದಿದ್ದ ಅಜ್ಜಿಗೆ ಇದು ಕಾಣಲಿಲ್ಲ. ಅವರು ನನಗೆ ಎಂದಿನಂತೆ ಕೈಬೀಸಿ ಹೋದರು. ನಾನು ಡಬ್ಬದ ಹಿಡಿ ಹಿಡಿದುಕೊಂಡು ಅಲ್ಲೇ ನಿಂತಿದ್ದೆ.

ಅವತ್ತು ಮಧ್ಯಾಹ್ನ ನಾನೇ ಹೋಗಿ ಅವರ ಬಾಗಿಲು ತಟ್ಟಿದೆ. ಬಾಗಿಲು ತೆರೆದವರ ಮುಖದಲ್ಲಿ ಅಳುಕಿತ್ತು.

"ನಾನು ಯಾರಿಗೂ ಹೇಳಲು ಬಂದವಳಲ್ಲ. ಮಗುವಿಗೆ ತಿನ್ನಲು ಏನಾದರೂ ಬೇಕಾ ಅಂತ ಕೇಳಲು ಬಂದೆ" ಎಂದೆ.

ಅವರು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. ಆಮೇಲೆ ಒಳಗೆ ಕರೆದು, ಕೂರಿಸಿ, ಎಲ್ಲ ಹೇಳಿದರು.

ಮಗ ಲಾಸ್ ಏಂಜಲೀಸಿನ ಉತ್ತರಕ್ಕೆ, ಪೋರ್ಟರ್ ರ್ಯಾಂಚ್ ಹತ್ತಿರದ ಒಂದು ವೃದ್ಧಾಶ್ರಮದಲ್ಲಿ ಕೆಲಸ ಮಾಡುತ್ತಿದ್ದ. ಬಿದ್ದು ಸೊಂಟ ಮುರಿದುಕೊಂಡವರಿಗೆ, ಪಾರ್ಶ್ವವಾಯು ಬಡಿದವರಿಗೆ ಮತ್ತೆ ನಡೆಯಲು ಕಲಿಸುವ ಕೆಲಸ. ಹೆಂಡತಿ ಬಿಟ್ಟು ಬೇರೆ ರಾಜ್ಯಕ್ಕೆ ಹೋಗಿ ಹೊಸ ಸಂಸಾರ ಹೂಡಿದ್ದಳು. ತಂದೆ ಮಗಳು ಇದ್ದ ಹಳೆಯ ಅಪಾರ್ಟ್‌ಮೆಂಟ್ ಕಟ್ಟಡವನ್ನು ಮಾಲೀಕರು ಮಾರಿದರು. ಕೊಂಡವರು ಎಲ್ಲರನ್ನೂ ಖಾಲಿ ಮಾಡಿಸಿದರು. ಅವನ ಸಂಬಳಕ್ಕೆ ಆ ಸುತ್ತಿನಲ್ಲಿ ಇನ್ನೊಂದು ಮನೆ ಸಿಗಲಿಲ್ಲ. ಮಗಳನ್ನು ಇಲ್ಲಿ ತನ್ನ ತಾಯಿಯ ಹತ್ತಿರ ಬಿಟ್ಟು, ತಾನು ವಾರವಿಡೀ ಕಾರಿನಲ್ಲೇ ಮಲಗುತ್ತಿದ್ದ. ಜಿಮ್ಮಿನಲ್ಲಿ ಸ್ನಾನ. ಶುಕ್ರವಾರ ಕೆಲಸ ಮುಗಿಸಿ ಮೂರು ಗಂಟೆ ಡ್ರೈವ್ ಮಾಡಿಕೊಂಡು ಇಲ್ಲಿಗೆ ಬಂದು, ಭಾನುವಾರ ಮತ್ತೆ ಹೊರಡುತ್ತಿದ್ದ.

"ನನ್ನ ಮನೆಯಲ್ಲಿ ಎರಡು ಕೋಣೆ ಖಾಲಿ ಬಿದ್ದಿವೆ" ಎಂದರು ಆಕೆ. "ಒಂದರಲ್ಲಿ ಹೊಲಿಗೆ ಯಂತ್ರ ಇದೆ. ಇನ್ನೊಂದರಲ್ಲಿ ಏನೂ ಇಲ್ಲ. ಆದರೆ ನನ್ನ ಮಗ ಅದರಲ್ಲಿ ವಾಸ ಮಾಡುವಂತಿಲ್ಲ, ಅವನ ವಯಸ್ಸು ಕಡಿಮೆ. ಅವಳ ವಯಸ್ಸಂತೂ ಇನ್ನೂ ಕಡಿಮೆ."

"ಶಾಲೆ?"

"ಶಾಲೆಯಲ್ಲಿ ಕೈಮುಗಿದು ಸೇರಿಸಿಕೊಂಡರು. ಒಂದನೇ ತರಗತಿಗೆ ಮಕ್ಕಳೇ ಸಾಲದಂತೆ. ಟೀಚರು, ನಿಮ್ಮ ಬೀದಿಯಲ್ಲಿ ಇನ್ನೂ ಮಕ್ಕಳಿದ್ದರೆ ಹೇಳಿ ಎಂದು ನನ್ನನ್ನೇ ಕೇಳಿದರು." ಹೇಳುತ್ತ ಅವರು ನಗಲು ಹೋದರು, ನಗು ಬರಲಿಲ್ಲ.

ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರು ಓದುತ್ತಿದ್ದ ಪೇಪರು ಮಡಚಿಟ್ಟರು.

"ನಾವೂ ಆ ರೂಲ್‌ಗೆ ಒಪ್ಪೇ ಮನಿ ತೊಗೊಂಡೀವಿ, ನೆನಪದ ಇಲ್ಲೋ?"

"ಇದೆ ರೀ."

"ಹಂಗಾರ ನಾಳಿಂದ ಆ ಹುಡುಗಿ ಶಾಲಿಯಿಂದ ಬಂದಮ್ಯಾಲೆ ಇಲ್ಲಿಗೇ ಬರ್ಲಿ. ಆ ಅಜ್ಜಿನೂ ಒಂದ್ ತಾಸು ಮಲಗ್ಲಿ. ನಮ್ಮ ಮನಿಗೆ ನೆಂಟರು ಬಂದ್ರ ಯಾರೇನ್ ಕೇಳತಾರ?"

ಹೀಗೆ ಆ ಹುಡುಗಿ ನಮ್ಮ ಮನೆಗೆ ಬರತೊಡಗಿದಳು. ಮೊದಲು ಬಂದಾಗ ಕುರ್ಚಿ ಎಳೆಯದೆ ಎತ್ತಿ ಇಟ್ಟು ಕುಳಿತಳು. ಬಾಗಿಲನ್ನು ಸದ್ದಾಗದಂತೆ ಮುಚ್ಚಿದಳು. ಕೆಮ್ಮು ಬಂದರೆ ತೋಳಿನಲ್ಲಿ ಮುಖ ಹುದುಗಿಸಿ ಕೆಮ್ಮುತ್ತಿದ್ದಳು. ಮೌನವನ್ನು ಅಷ್ಟು ಚೆನ್ನಾಗಿ ಕಲಿತಿದ್ದಳು. ಯಜಮಾನರು ಬೇಕೆಂದೇ ಸ್ಟೀಲ್ ತಟ್ಟೆಯೊಂದನ್ನು ನೆಲಕ್ಕೆ ಬೀಳಿಸಿದರು. ಅದು ಗಿರಗಿರನೆ ತಿರುಗಿ ದೊಡ್ಡ ಸದ್ದು ಮಾಡಿ ಮಲಗಿತು. ಹುಡುಗಿ ಹೆದರಿ ನೋಡಿದಳು. ಅವರು ಇನ್ನೊಂದು ಬೀಳಿಸಿದರು. ಮೂರನೆಯದನ್ನು ಅವಳ ಕೈಗೇ ಕೊಟ್ಟರು.

ನಮ್ಮನ್ನು ಏನೆಂದು ಕರೆಯಬೇಕು ಎಂದು ಕೇಳಿದಳು. ನಾನು ಅಜ್ಜಿ ಎಂದೆ. ಯಜಮಾನರನ್ನು ತಾತ ಎಂದು ಕರಿ ಎಂದೆ. ಅವರು ಒಪ್ಪಲಿಲ್ಲ. "ತಾತ ಅಲ್ಲ, ಅಜ್ಜ. ನಮ್ಮ ಕಡೆ ಅಜ್ಜ." ನಾವು ಇದಕ್ಕೇ ಸ್ವಲ್ಪ ಹೊತ್ತು ಜಗಳವಾಡಿದೆವು. ಅವಳು ಇಬ್ಬರನ್ನೂ ನೋಡಿ, ಅವರನ್ನು ಅಜ್ಜ-ತಾತ ಎಂದೇ ಕರೆದಳು. ಅದೇ ಉಳಿಯಿತು. ಬಿಸಿ ಚಪಾತಿಗೆ ತುಪ್ಪ ಬೆಲ್ಲ ಹಾಕಿ ಸುರುಳಿ ಸುತ್ತಿ ಕೊಟ್ಟರೆ, ಮೆಕ್ಸಿಕೋದ ಸುರುಳಿ ರೊಟ್ಟಿ ನೆನೆದು, "ಸಿಹಿ ಬುರ್ರೀಟೊ" ಎಂದು ಎರಡು ಮುಗಿಸುತ್ತಿದ್ದಳು. ಸಾಕು, ಬೇಕು, ಬಾ, ಕೂತ್ಕೊ ಎಲ್ಲ ತಿಂಗಳೊಳಗೆ ಬಂದವು. ನಾವು ಹೆತ್ತ ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತ ಬೆಳೆದವಳು. ಈ ಕೆಂಚು ಕೂದಲಿನ ಹುಡುಗಿ ಇಂಗ್ಲಿಷಿನಲ್ಲಿ ಕೇಳಿದ್ದಕ್ಕೂ "ಬ್ಯಾಡ" ಎನ್ನುತ್ತಿದ್ದಳು, ಅದೂ ಧಾರವಾಡದ್ದು.

ಒಂದು ಶುಕ್ರವಾರ ಸಂಜೆ ಅವಳ ತಂದೆಯನ್ನು ಊಟಕ್ಕೆ ಕರೆದೆವು. ನಲವತ್ತರ ಆಸುಪಾಸಿನ, ಅಗಲ ಭುಜದ, ಮೆಲ್ಲಗೆ ಮಾತಾಡುವ ಮನುಷ್ಯ. ಕೂತುಕೊಳ್ಳುವ ಮೊದಲೇ ಯಜಮಾನರ ಮಂಡಿ ನೋಡಿ, ಗೋಡೆಗೆ ಬೆನ್ನು ಕೊಟ್ಟು ನಿಂತು ಮಾಡುವ ವ್ಯಾಯಾಮ ಹೇಳಿಕೊಟ್ಟ. ಊಟದ ನಡುವೆ ಯಜಮಾನರು ಕೇಳಿಯೇ ಬಿಟ್ಟರು, ರಾತ್ರಿ ಕಾರು ಎಲ್ಲಿ ನಿಲ್ಲಿಸುತ್ತೀಯ ಎಂದು.

"ಕೆಲಸದ ಜಾಗದ ಹಿಂದೆಯೇ. ನಮ್ಮ ಸೂಪರ್‌ವೈಸರ್‌ಗೆ ಗೊತ್ತು. ನೋಡದ ಹಾಗೆ ಇರುತ್ತಾಳೆ." ಅವನು ಅನ್ನಕ್ಕೆ ಸಾರು ಕಲಸುತ್ತ ಹೇಳಿದ. "ಅಲ್ಲಿರುವ ಅಜ್ಜಿಯೊಬ್ಬರು ಪ್ರತಿದಿನ ಕೇಳುತ್ತಾರೆ, ನಿನ್ನ ಮನೆ ಎಲ್ಲಿ ಮಗಾ ಎಂದು. ಹತ್ತಿರದಲ್ಲೇ ಎನ್ನುತ್ತೇನೆ. ಸುಳ್ಳಲ್ಲವಲ್ಲ."

ಸ್ಯಾನ್ ಡಿಯೇಗೊದಲ್ಲಿ ಕೆಲಸ ಹುಡುಕಬಾರದೇ ಎಂದು ಕೇಳಿದೆ. ಹುಡುಕುತ್ತಲೇ ಇದ್ದೇನೆ, ಕೆಲಸ ಸಿಗುತ್ತದೆ, ಮನೆ ಸಿಗುವುದಿಲ್ಲ ಎಂದ. ಊಟ ಮುಗಿದು ನಾನು ತಟ್ಟೆ ತೆಗೆದು ಬರುವಷ್ಟರಲ್ಲಿ ಸೋಫಾದಲ್ಲಿ ನೆಟ್ಟಗೆ ಕೂತಲ್ಲೇ ನಿದ್ದೆ ಹೋಗಿದ್ದ. ಮಗಳು ಅವನ ಶೂ ಲೇಸು ಬಿಚ್ಚುತ್ತಿದ್ದಳು.

ನವೆಂಬರಿನ ರಜೆಗೆ ನಮ್ಮ ಮಗಳು, ಅಳಿಯ ಬಂದರು. ಮಗಳು ಆ ಹುಡುಗಿಯ ಜೊತೆ ಇಡೀ ಮಧ್ಯಾಹ್ನ ನೆಲದ ಮೇಲೆ ಕೂತು ರಟ್ಟಿನ ಪೆಟ್ಟಿಗೆಗಳಿಂದ ಊರು ಕಟ್ಟಿದಳು. ಆಮೇಲೆ ಅಡಿಗೆಮನೆಗೆ ಬಂದು, ನಾನು ಬಾಯಿ ತೆರೆಯುವ ಮೊದಲೇ, "ಅಮ್ಮಾ, ಏನೂ ಕೇಳ್ಬೇಡ" ಎಂದಳು.

"ನಾನೇನು ಕೇಳ್ದೆನೇ?"

"ಕೇಳ್ಲಿಲ್ಲ. ಬಟ್ ಐ ನೋ." ಅವಳು ಸಿಂಕಿನ ಕಡೆ ತಿರುಗಿದಳು. "ನಮಗೂ ಮಗು ಇಷ್ಟ ಅಮ್ಮಾ. ಆದ್ರೆ ಆ ಹುಡುಗಿ ಅಪ್ಪನ್ನ ನೋಡು. ಫುಲ್ ಟೈಮ್ ಕೆಲಸ. ನಮ್ಮಿಬ್ರಲ್ಲಿ ಒಬ್ರ ಕೆಲಸ ಹೋಗಿ, ಬಾಡಿಗೆ ಏರಿದ್ರೆ ನಾವೂ ಅಲ್ಲೇ. ಅವನಿಗೆ ಅವರಮ್ಮ ಇದಾರೆ. ನಮಗೆ ನೀವಿದೀರ, ಆದ್ರೆ ನೀವೂ ಇಲ್ಲೇ ಇದೀರ."

ಇಲ್ಲೇ ಎಂದರೆ ಈ ಬೀದಿಯಲ್ಲಿ. ಅವಳ ಬೆನ್ನು ಸವರಿ, ಪಾತ್ರೆ ಒರೆಸಿದೆ. ಹಳೆಯ ಮನೆ ಮಾರುವಾಗ ಇಂಥದ್ದೊಂದು ದಿನವನ್ನು ನಾವು ಯೋಚಿಸಿಯೇ ಇರಲಿಲ್ಲ.

ಗುಟ್ಟು ರಟ್ಟಾದದ್ದು ಒಂದು ಮೊಲದಿಂದ. ನಮ್ಮ ಕಡೆ ಸಂಜೆಯಾದರೆ ಕಾಡುಮೊಲಗಳು ಹುಲ್ಲು ಮೇಯಲು ಇಳಿಯುತ್ತವೆ. ಫೆಬ್ರವರಿಯ ಒಂದು ಸಂಜೆ ನಮ್ಮ ಮುಂಬಾಗಿಲು ತೆರೆದಿತ್ತು. ಮೊಲ ಕಂಡದ್ದೇ ತಡ, ಹುಡುಗಿ ಹೊರಗೋಡಿದಳು. ಮೊಲ ರಸ್ತೆ ದಾಟಿತು, ಅವಳೂ ದಾಟಿದಳು, ಎದುರುಮನೆಯ ಹುಲ್ಲಿನ ಮೇಲೆ ಬಿದ್ದು, ಬಿದ್ದಲ್ಲೇ ಹೊರಳಾಡಿ ನಕ್ಕಳು. ಅಂಥ ನಗು ಆ ಬೀದಿ ಕೇಳಿರಲಿಲ್ಲ. ನಾಲ್ಕಾರು ಕಿಟಕಿಗಳ ಪರದೆ ಸರಿದವು. ಆಚೆ ಮನೆಯ ಹೆಂಗಸೊಬ್ಬರು ವಾಕರ್ ಹಿಡಿದು ಹೊರಗೆ ಬಂದು, ಹುಡುಗಿಯನ್ನು ನೋಡುತ್ತ ತಾವೂ ನಗತೊಡಗಿದರು. ಎದುರುಮನೆಯವರು ಮಾತ್ರ ನಗಲಿಲ್ಲ. ನೌಕಾಪಡೆಯಲ್ಲಿದ್ದು ನಿವೃತ್ತರಾದ ಎತ್ತರದ ಮನುಷ್ಯ. ಅವರ ಹೆಂಡತಿಗೆ ಮರೆವಿನ ಕಾಯಿಲೆ. ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿ, ಎಲ್ಲಿರುತ್ತೀಯ ಎಂದು ಕೇಳಿದರು. ಅವಳು ಯಾರ ಮನೆಯನ್ನೂ ತೋರಿಸಲಿಲ್ಲ. ನಿಂತಲ್ಲೇ ಅಳತೊಡಗಿದಳು.

ಮುಂದಿನ ವಾರ ಬಡಾವಣೆಯ ಸಂಘದಿಂದ ಪಕ್ಕದ ಮನೆಗೆ ಕರೆ ಬಂತು. ತಿಂಗಳ ಸಭೆಗೆ ಬಂದು ವಿವರಣೆ ಕೊಡಬೇಕೆಂದರು.

ನಾವು ಸಂಘದ ಸಭೆಗೆ ಎಂದೂ ಹೋದವರಲ್ಲ. ಅವತ್ತು ಮಧ್ಯಾಹ್ನ ಇಬ್ಬರೂ ಹೋಗಿ ಆಕೆಯ ಎರಡು ಪಕ್ಕ ಕುಳಿತೆವು. ಕ್ಲಬ್‌ಹೌಸಿನಲ್ಲಿ ಕುರ್ಚಿಗಳೆಲ್ಲ ತುಂಬಿದ್ದವು. ಸಮಿತಿಯ ಅಧ್ಯಕ್ಷೆ ಕೆಟ್ಟವರಲ್ಲ. ನಿಯಮವನ್ನು ನಿಧಾನವಾಗಿ, ಕ್ಷಮೆ ಕೇಳುವ ದನಿಯಲ್ಲೇ ಓದಿ ಹೇಳಿದರು. ಒಬ್ಬರಿಗೆ ವಿನಾಯಿತಿ ಕೊಟ್ಟರೆ ಇನ್ನೊಬ್ಬರಿಗೂ ಕೊಡಬೇಕಾಗುತ್ತದೆ, ಹಿರಿಯರ ಬಡಾವಣೆ ಎಂಬ ಮಾನ್ಯತೆಯೇ ಹೋಗಬಹುದು ಎಂದು ವಕೀಲರು ಹೇಳಿದ್ದಾರಂತೆ.

ಎದುರುಮನೆಯವರು ಎದ್ದು ನಿಂತರು. "ನನಗೆ ಮಗುವಿನ ಮೇಲೆ ಸಿಟ್ಟಿಲ್ಲ" ಎಂದರು. "ಆದರೆ ಈ ನಿಯಮ ಹೋದರೆ ಎರಡೆರಡು ಸಂಬಳದವರು ಬಂದು ಈ ಮನೆಗಳನ್ನು ಕೊಳ್ಳುತ್ತಾರೆ. ನಮ್ಮಂಥವರಿಗೆ ಕೈಗೆಟುಕುವ ಕಡೆಯ ಜಾಗ ಇದು. ನನ್ನ ಹೆಂಡತಿಗೆ ಈ ಬೀದಿಯೊಂದೇ ನೆನಪಿರುವುದು. ಇಲ್ಲಿಂದ ಎಲ್ಲಿಗೆ ಕರೆದುಕೊಂಡು ಹೋಗಲಿ?"

ಅವರನ್ನು ವಿರೋಧಿಸಬೇಕೆಂದು ಬಂದಿದ್ದ ನನಗೂ ಅವರ ಮಾತು ಸುಳ್ಳಲ್ಲ ಎನಿಸಿತು. ಆದರೂ ಎದ್ದೆ. ಸಿದ್ಧಮಾಡಿಕೊಂಡಿದ್ದ ಇಂಗ್ಲಿಷ್ ವಾಕ್ಯಗಳೆಲ್ಲ ಮರೆತುಹೋದವು. "ಆ ಮಗು ನಮ್ಮ ಮನೆಗೆ ಬಂದಾಗ ಕುರ್ಚಿಯನ್ನು ಎತ್ತಿ ಇಡುತ್ತಿತ್ತು, ಎಳೆಯುತ್ತಿರಲಿಲ್ಲ" ಎಂದೆ. "ಏಳು ವರ್ಷ ಕೂಡ ತುಂಬಿಲ್ಲ. ನಮ್ಮೆಲ್ಲರಿಗೆ ಹೆದರಿ ಹಾಗೆ ಮಾಡುತ್ತಿತ್ತು. ನನಗೆ ನಿಯಮ ಅರ್ಥವಾಗುತ್ತದೆ. ಅದು ಮಾತ್ರ ಅರ್ಥವಾಗುವುದಿಲ್ಲ." ಅಷ್ಟು ಹೇಳಿ ಕುಳಿತುಬಿಟ್ಟೆ. ಯಜಮಾನರು ಮೆಲ್ಲಗೆ, "ಛಲೋ ಹೇಳಿದಿ" ಎಂದರು.

ಕೊನೆಗೆ ಪಕ್ಕದಮನೆಯಾಕೆ ಎದ್ದರು. ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತರು.

"ನಾನು ನನ್ನ ಕೈಯಾರೆ ಎಷ್ಟೋ ಮಕ್ಕಳನ್ನು ಈ ಲೋಕಕ್ಕೆ ಬರಮಾಡಿಕೊಂಡವಳು. ನನ್ನ ಸ್ವಂತ ಮೊಮ್ಮಗಳಿಗೆ ಕಾರಿನ ನೆಲದಲ್ಲಿ ಅಡಗಿ ಮಲಗುವುದನ್ನು ಕಲಿಸಿದೆ. ಮನೆಯಲ್ಲಿಟ್ಟುಕೊಂಡದ್ದಕ್ಕೆ ನನಗೆ ನಾಚಿಕೆಯಿಲ್ಲ. ಅಡಗಲು ಕಲಿಸಿದ್ದಕ್ಕೆ ಇದೆ. ನಾಳೆಯಿಂದ ಅವಳು ಸೀಟಿನ ಮೇಲೆ ಕೂತು ಶಾಲೆಗೆ ಹೋಗುತ್ತಾಳೆ. ನೀವು ಏನು ತೀರ್ಮಾನ ಬೇಕಾದರೂ ಮಾಡಿ."

ತೀರ್ಮಾನ ಅವತ್ತೇ ಆಯಿತು. ನಿಯಮ ಬದಲಾಗುವುದಿಲ್ಲ. ಆದರೆ ಶಾಲೆಯ ವರ್ಷ ಮುಗಿಯುವವರೆಗೆ ಮಗು ನೆಂಟರ ಲೆಕ್ಕದಲ್ಲಿ ಇರಬಹುದು. ಅದಾದ ಮೇಲೆ ಇಲ್ಲ. ಸಮಿತಿಯವರು ತಮ್ಮ ಕೈಲಾದಷ್ಟು ಬಗ್ಗಿದ್ದರು, ಅದು ನಮಗೂ ಗೊತ್ತಿತ್ತು.

ಹೊರಗೆ ಬಂದಾಗ ಎದುರುಮನೆಯವರು ತಮ್ಮ ಕಾರಿನ ಬಳಿ ನಿಂತಿದ್ದರು. ಪಕ್ಕದಮನೆಯಾಕೆ ನೇರವಾಗಿ ಅವರ ಹತ್ತಿರ ಹೋದರು. ಏನು ಜಗಳವಾಗುತ್ತದೋ ಎಂದು ನಾನು ಹಿಂದೆಯೇ ಹೋದೆ. ಆಕೆ ಕೇಳಿದ್ದು, "ನಿಮ್ಮ ಹೆಂಡತಿ ಈಗ ಮನೆಯಲ್ಲಿ ಒಬ್ಬರೇ ಇದ್ದಾರಾ?" ಎಂದು. ಅವರು ಹೌದು ಎನ್ನುವಂತೆ ತಲೆಯಾಡಿಸಿದರು. "ಹಾಗಾದರೆ ಬೇಗ ಹೋಗಿ. ಮುಂದಿನ ಸಲ ಎಲ್ಲಾದರೂ ಹೋಗಬೇಕಾದರೆ ನನಗೆ ಹೇಳಿ, ನಾನು ಬಂದು ಕೂತಿರುತ್ತೇನೆ." ಆ ಮನುಷ್ಯ ತಲೆಬಾಗಿಸಿ ಕಾರು ಹತ್ತಿದರು.

ಆ ಶುಕ್ರವಾರ ಮಗ ಬಂದಾಗ ಅವರ ಮನೆಯಲ್ಲಿ ನಾವೂ ಇದ್ದೆವು. ಸುದ್ದಿ ಕೇಳಿ ಅವನು ಸಮಾಧಾನದಿಂದಲೇ ಹೇಳಿದ: "ಪರವಾಗಿಲ್ಲ ಅಮ್ಮ. ಜೂನಿನಲ್ಲಿ ನಾನು ಅವಳನ್ನು ಕರೆದುಕೊಂಡು ಹೋಗುತ್ತೇನೆ. ಕಾರು ದೊಡ್ಡದಿದೆ. ಬೇಸಿಗೆಯಲ್ಲವಾ, ಚಳಿಯೂ ಇರುವುದಿಲ್ಲ."

ತಾಯಿ ಮೇಜಿನ ಮೇಲೆ ಅಂಗೈ ಬಡಿದರು. ಅಷ್ಟು ಸಿಟ್ಟಾದದ್ದನ್ನು ನಾನು ಅದೊಂದೇ ಸಲ ನೋಡಿದ್ದು. "ನೀನು ಅವಳನ್ನು ಕಾರಿಗೆ ಕರೆದುಕೊಂಡು ಹೋಗಕೂಡದು. ಅವಳು ಇಲ್ಲಿರುವಂತಿಲ್ಲವಾದರೆ ನಾನೇ ಇಲ್ಲಿಂದ ಹೊರಡುತ್ತೇನೆ."

"ಅಮ್ಮ, ಇದು ನಿನ್ನ ಮನೆ. ಅಪ್ಪನೂ ನೀನೂ ಕೊಂಡದ್ದು."

"ನಿನ್ನಪ್ಪ ಇದನ್ನು ಕೊಂಡದ್ದು ನಾನು ಸುಖವಾಗಿರಲಿ ಎಂದು. ನೀನು ಕಾರಿನಲ್ಲಿ ಮಲಗಿರುವಾಗ ನಾನು ಈ ಮನೆಯಲ್ಲಿ ಒಂದು ದಿನವೂ ಸುಖವಾಗಿ ಮಲಗಿಲ್ಲ."

ಅವನು ತಲೆ ತಗ್ಗಿಸಿದ. ಅತ್ತನೋ ಇಲ್ಲವೋ ಕಾಣಲಿಲ್ಲ. ಯಜಮಾನರು ನನ್ನ ತೋಳು ಮುಟ್ಟಿ, ನಡಿ ಎಂದು ಸನ್ನೆ ಮಾಡಿದರು. ನಾವು ಎದ್ದು ಬಂದೆವು.

ಆಮೇಲಿನ ತಿಂಗಳುಗಳು ಹುಡುಕಾಟದಲ್ಲೇ ಹೋದವು. ಯಜಮಾನರಿಗೆ ನಿವೃತ್ತಿಯಾದ ಮೇಲೆ ಸಿಕ್ಕ ಮೊದಲ ಕೆಲಸವೆಂದರೆ ಅದೇ. ಬೆಳಿಗ್ಗೆ ಕಾಫಿ ಕುಡಿದು ಕಂಪ್ಯೂಟರ್ ಮುಂದೆ ಕುಳಿತರೆ ಬಾಡಿಗೆ ಮನೆಗಳ ಜಾಹೀರಾತು ನೋಡುತ್ತ, ಫೋನ್ ಮಾಡುತ್ತ, ಆಕೆಯ ಮಗನ ಪರವಾಗಿ ಬೈಯುತ್ತ ಇರುತ್ತಿದ್ದರು. ಕೊನೆಗೆ ನಮ್ಮ ಉತ್ತರಕ್ಕಿರುವ ಎಸ್ಕಾಂಡಿಡೊದಲ್ಲಿ ಅವನಿಗೊಂದು ಕೆಲಸ ಸಿಕ್ಕಿತು. ಅದೂ ವೃದ್ಧಾಶ್ರಮವೇ. ಆಕೆ ತಮ್ಮ ಮನೆಯನ್ನು ವಯಸ್ಸಿಗೆ ಸರಿಹೊಂದುವ ದಂಪತಿಗೆ ಬಾಡಿಗೆಗೆ ಕೊಟ್ಟರು. ಆ ಬಾಡಿಗೆ, ಮಗನ ಸಂಬಳ ಎರಡೂ ಸೇರಿ ಒಂದು ಎರಡು ಕೋಣೆಯ ಅಪಾರ್ಟ್‌ಮೆಂಟ್ ಹೇಗೋ ದಕ್ಕಿತು. ನೆಲಮಹಡಿಯದು.

ಸಾಮಾನು ಕಟ್ಟುವ ದಿನ ಆಕೆ ಒಂದೊಂದು ಕೋಣೆಗೂ ಹೋಗಿ ಸುಮ್ಮನೆ ನಿಂತು ಬರುತ್ತಿದ್ದರು. ಗಂಡನ ಬಡಗಿ ಸಾಮಾನಿನ ಪೆಟ್ಟಿಗೆಯನ್ನು ನಮ್ಮವರಿಗೆ ಕೊಟ್ಟರು. ಅಲ್ಲಿ ಜಾಗವಿಲ್ಲವಂತೆ. ಎದುರುಮನೆಯವರು ಬಂದು ಭಾರದ ರಟ್ಟಿನ ಪೆಟ್ಟಿಗೆಗಳನ್ನು ಗಾಡಿಗೆ ಎತ್ತಿಟ್ಟರು. ಅವರ ಹೆಂಡತಿ ಬಾಗಿಲಲ್ಲಿ ನಿಂತು, ಯಾರ ಮನೆಯಲ್ಲಿ ಮಗು ಹುಟ್ಟಿದೆ ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ಹುಡುಗಿ ಓಡಿಬಂದು ಯಜಮಾನರ ಸೊಂಟ ತಬ್ಬಿಕೊಂಡಳು.

"ಅಜ್ಜ-ತಾತ, ಯು ಕಮ್ ಆಲ್ಸೋ."

"ಬರತೀನಿ ತಾಯಿ. ಸಿಹಿ ಬುರ್ರೀಟೊ ತೊಗೊಂಡು ಬರತೀನಿ" ಎಂದರು. ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಗ್ಯಾರೇಜಿಗೆ ಹೋಗಿ ಆ ಬಡಗಿ ಪೆಟ್ಟಿಗೆಯನ್ನು ತೆರೆಯುತ್ತ ಮುಚ್ಚುತ್ತ ಬಹಳ ಹೊತ್ತು ಹೊರಗೆ ಬರಲಿಲ್ಲ.

ಈಗ ಪಕ್ಕದಲ್ಲಿರುವ ದಂಪತಿ ಒಳ್ಳೆಯವರೇ. ಗೋಡೆಯ ಆಚೆಯಿಂದ ಸಂಜೆ ಹೊತ್ತು ವಾರ್ತೆಯ ಸದ್ದು ಬರುತ್ತದೆ, ಅಷ್ಟೇ. ಹುಡುಗಿ ಹೋದ ಮೇಲೆ ಆ ಶಾಲೆಯ ಎರಡು ತರಗತಿಗಳನ್ನು ಒಂದುಗೂಡಿಸಿದರೆಂದು ಕೇಳಿದೆ. ನಮ್ಮ ಮಗಳು ಅಳಿಯ ಇನ್ನೂ ಗ್ಲೆಂಡೇಲ್‌ನಲ್ಲೇ ಇದ್ದಾರೆ, ಇಬ್ಬರೇ. ನಾನು ಕೇಳುವುದಿಲ್ಲ. ಆದರೆ ನಾವಿಬ್ಬರೂ ಕೂತು ಒಂದು ಮಾತು ಆಡಿಕೊಂಡು ಅವಳಿಗೆ ತಿಳಿಸಿದ್ದೇವೆ: ಎಂದಾದರೂ ಬೇಕಾದರೆ ಈ ಮನೆ ಬಿಟ್ಟು ನಿಮ್ಮ ಹತ್ತಿರ ಬರುತ್ತೇವೆ, ಮೆಟ್ಟಿಲಿದ್ದರೂ ಸರಿ. ಅವಳು ಫೋನಿನಲ್ಲಿ, "ಅಪ್ಪನ ಮಂಡಿ?" ಎಂದಳು.

"ನನ್ನ ಮಂಡಿ ಸುದ್ದಿ ನಿನಗ್ಯಾಕ? ವ್ಯಾಯಾಮ ಮಾಡಾಕತ್ತೀನಿ" ಎಂದರು ಅವರಪ್ಪ.

ಕಳೆದ ಬೇಸಿಗೆಯಲ್ಲಿ ಎಸ್ಕಾಂಡಿಡೊಗೆ ಹೋಗಿದ್ದೆವು. ಬಿಸಿಲೆಂದರೆ ಬಿಸಿಲು. ಆ ಅಪಾರ್ಟ್‌ಮೆಂಟಿನ ನಡುವೆ ಒಂದು ಈಜುಕೊಳ. ಹತ್ತಾರು ಮಕ್ಕಳು ಸ್ಪ್ಯಾನಿಷ್, ಇಂಗ್ಲಿಷ್ ಎರಡರಲ್ಲೂ ಕಿರುಚುತ್ತ ಧುಮುಕುತ್ತಿದ್ದರು. ನಮ್ಮ ಹಳೆಯ ಪಕ್ಕದಮನೆಯಾಕೆ ಹುಲ್ಲಿನ ಟೋಪಿ ಹಾಕಿಕೊಂಡು ಕೊಳದ ಅಂಚಿನಲ್ಲಿ ಕುರ್ಚಿ ಹಾಕಿ ಕುಳಿತಿದ್ದರು. ತೂಕ ಇಳಿದಿತ್ತು. ಚಳಿಗಾಲದಲ್ಲಿ ಒಮ್ಮೆ ಬಿದ್ದಾಗ ಮಗನೇ ಮತ್ತೆ ನಡೆಯಲು ಕಲಿಸಿದನೆಂದರು. ಬೆಳಗಿನಿಂದ ಈ ಗದ್ದಲ, ತಲೆ ಸಿಡಿಯುತ್ತದೆ, ರಾತ್ರಿ ಮೇಲಿನ ಮನೆಯವರ ಹಾಡು ಎಂದು ದೂರಿದರು. ಹಿಂದಿನ ಮನೆ ನೆನಪಾಗುತ್ತದಾ ಎಂದು ಕೇಳಿದೆ.

"ಪ್ರತಿದಿನ" ಎಂದರು. ಅಷ್ಟರಲ್ಲಿ ಮೊಮ್ಮಗಳು ನೀರಿನಿಂದ ತಲೆಯೆತ್ತಿ "ಅಜ್ಜೀ, ಬಾ!" ಎಂದು ಕೂಗಿದಳು. ಕರೆದದ್ದು ನಮ್ಮಿಬ್ಬರಲ್ಲಿ ಯಾರನ್ನೋ ಗೊತ್ತಾಗಲಿಲ್ಲ. ಆಕೆ ನನ್ನ ಕಡೆ ಕೈಚಾಚಿದರು. "ಹಿಡಿದುಕೋ. ಒಬ್ಬಳೇ ಇಳಿಯಲು ನನ್ನ ಮಗ ಬಿಡುವುದಿಲ್ಲ."

ನಾನು ಸಲ್ವಾರನ್ನು ಮಂಡಿಯವರೆಗೆ ಮಡಚಿಕೊಂಡು, ಅವರ ತೋಳು ಹಿಡಿದು, ಕಂಬಿಯ ಪಕ್ಕದ ಮೆಟ್ಟಿಲಿಗೆ ಕಾಲಿಟ್ಟೆ. ನೀರು ತಣ್ಣಗಿತ್ತು. ಮಕ್ಕಳು ಎರಚಾಟ ನಿಲ್ಲಿಸಿ ನಮಗೆ ದಾರಿ ಬಿಟ್ಟರು.